ಕಡ್ಡಿಯ ಲೆದರ್ ಬಾಲು

ಕನ್ನಡಕದಂಗಡಿಯ ಯಜಮಾನರಿಗೆ ಕ್ರಿಕೆಟ್ಟಿನಲ್ಲಿ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಆಡಿ ಮಾತ್ರ ಗೊತ್ತಿರಲಿಲ್ಲ. ಸೋಫಾದ ಮೇಲೆ ಕಾಲು ಮಡಚಿ ಕೂತಲ್ಲಿಂದಲೇ ಅವರು ಎಷ್ಟೋ ಕ್ಯಾಪ್ಟನ್‌ಗಳನ್ನು ಮನೆಗೆ ಕಳಿಸಿದ್ದರು.

ಅವರ ಹತ್ತು ವರ್ಷದ ಮಗಳನ್ನು ತೆಳ್ಳಗಿದ್ದಾಳೆಂದು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ಟೆನಿಸ್ ಬಾಲಿನಲ್ಲಿ ಓಣಿಯ ಹುಡುಗರಿಗೆಲ್ಲ ನೀರು ಕುಡಿಸಿದ್ದ ಅವಳನ್ನು ಅಪ್ಪ ಲೆದರ್ ಬಾಲಿನ ತರಬೇತಿಗೆ ಸೇರಿಸಿದರು. ಹಿಂದಿನ ದಿನವೇ ಹೆಲ್ಮೆಟ್ಟು, ಪ್ಯಾಡು, ಗ್ಲೌಸು, ತೊಡೆಗೆ, ಎದೆಗೆ, ಮೊಣಕೈಗೆ ಗಾರ್ಡುಗಳು ಮನೆಗೆ ಬಂದವು. ಎಲ್ಲವನ್ನೂ ತೊಡಿಸಿ ನಿಲ್ಲಿಸಿದಾಗ ಅಮ್ಮ ಬಾಗಿಲಲ್ಲಿ ನಿಂತು, "ಮಗು ಒಳಗೇ ಇದೆ ತಾನೆ?" ಎಂದು ಕೇಳಿದರು.

ಕೋಚ್ ಮೇಡಂ ಒಂದು ಕಾಲದಲ್ಲಿ ವೇಗದ ಬೌಲರ್ ಆಗಿದ್ದವರು. ಅವರು ಕಡ್ಡಿಯ ಕೈಗೆ ಒಂದು ಹಳೇ ಬಾಲು ಕೊಟ್ಟು, "ಮನೇಲಿ ಈ ಕೈಯಿಂದ ಆ ಕೈಗೆ ಎಸೀತಾ ಇರು. ಮೊದಲು ಇದರ ಭಾರ ಅಭ್ಯಾಸ ಆಗ್ಲಿ" ಎಂದರು.

ಅಪ್ಪನಿಗೆ ಇದು ಹಿಡಿಸಲಿಲ್ಲ. "ಬಾಲ್ ಆಡಿಸೋದು ಕಲಿಯೋಕೆ ಸೇರಿಸಿದ್ವಾ ಮೇಡಂ? ಬ್ಯಾಟಿಂಗ್ ಯಾವಾಗ?"

ಬ್ಯಾಟಿಂಗ್ ಬಂತು. ಎರಡನೇ ಬಾಲೇ, ಮೈಮೇಲೆ ಗಾರ್ಡಿಲ್ಲದ ಒಂದೇ ಒಂದು ಜಾಗವನ್ನು ಹುಡುಕಿಕೊಂಡು ಬಂದಂತೆ ಕಡ್ಡಿಯ ಪಕ್ಕೆಗೆ ಬಡಿಯಿತು. ಆಮೇಲೆ ಬೌಲರ್ ಓಡಿ ಬಂದರೆ ಸಾಕು, ಅವಳ ಕಾಲು ತಾನಾಗಿಯೇ ಪಕ್ಕಕ್ಕೆ ಸರಿಯುತ್ತಿತ್ತು.

"ಹೆದರಬೇಡ! ಬಾಲ್ ನೋಡು, ಬಾಲ್!" ಎಂದು ಅಪ್ಪ ನೆಟ್ಟಿನ ಹಿಂದಿನಿಂದ ಅರಚಿದರು. ಉಳಿದ ಅಪ್ಪಂದಿರೂ ದನಿಗೂಡಿಸಿದರು. ಒಬ್ಬರು ಮುಂದೆ ಬಾ ಎಂದರೆ ಇನ್ನೊಬ್ಬರು ಹಿಂದೆ ಹೋಗು ಎಂದರು.

ಮೇಡಂ ಆಟ ನಿಲ್ಲಿಸಿದರು. "ಅಪ್ಪಂದಿರೆಲ್ಲ ಒಳಗೆ ಬನ್ನಿ. ಒಬ್ಬೊಬ್ಬರು ಒಂದೊಂದು ಓವರ್ ಆಡಿ. ನಾನೇ ಹಾಕ್ತೀನಿ."

ಹಲ್ಲಿನ ಡಾಕ್ಟರಿಗೆ ಅಲ್ಲೇ ಸೊಂಟ ಹಿಡಿಯಿತು. ವಕೀಲರಿಗೆ ರಿಂಗಾಗದ ಫೋನಿನಲ್ಲಿ ಅರ್ಜೆಂಟ್ ಕರೆ ಬಂತು. ಕಡ್ಡಿ ಕಣ್ಣು ಮಿಟುಕಿಸದೆ ನೋಡುತ್ತಿದ್ದುದರಿಂದ ಕನ್ನಡಕದಂಗಡಿಯವರೊಬ್ಬರೇ ಸಿಕ್ಕಿಬಿದ್ದರು.

ಮೊದಲ ಬಾಲು ಎಲ್ಲಿ ಹೋಯಿತೋ ಅವರಿಗೆ ತಿಳಿಯಲಿಲ್ಲ. ಎರಡನೆಯದು ಬೆರಳಿಗೆ ಬಿತ್ತು. "ಅಯ್ಯಮ್ಮಾ!" ಎಂಬ ಕೂಗಿಗೆ ಆಚೆ ರಸ್ತೆಯವರು ನಿಂತು ನೋಡಿದರು.

"ಇನ್ನೂ ನಾಲ್ಕಿದೆ ಸಾರ್."

"ಬೇಡ ಮೇಡಂ, ವಿಷಯ ಗೊತ್ತಾಯ್ತು."

ಬೆಂಚಿನ ಮೇಲೆ ಕಡ್ಡಿ ಅವರ ಬೆರಳಿಗೆ ಐಸ್ ಹಿಡಿದಳು.

"ಅಪ್ಪಾ, ನೀನು ಎರಡು ಸಲಾನೂ ಕಣ್ಣು ಮುಚ್ಕೊಂಡಿದ್ದೆ."

"ಎದುರಿಗೆ ಬಿಸಿಲಿತ್ತು ಕಣೇ."

"ಮೋಡ ಇತ್ತಲ್ಲಾ."

ಅಪ್ಪ ಐಸನ್ನು ಬೆರಳಿನ ಇನ್ನೊಂದು ಬದಿಗೆ ಸರಿಸಿಕೊಂಡರು. "ಭಯ ಆಯ್ತು ಕಣೆ."

"ನಂಗೂ ಹಂಗೇ ಆಗೋದು," ಎಂದಳು ಕಡ್ಡಿ.

ಅಂದಿನಿಂದ ಸಂಜೆ ಅಂಗಡಿಯನ್ನು ಬೇಗ ಮುಚ್ಚಿ ಬಂದು ಅಪ್ಪ ಹಿತ್ತಲಲ್ಲಿ ಬಾಲು ಹಾಕತೊಡಗಿದರು. ಮೊದಲು ಹತ್ತಿರದಿಂದ, ಕೈ ಕೆಳಗಿಟ್ಟು, ಮೆಲ್ಲಗೆ; ಆಮೇಲೆ ದೂರದಿಂದ, ಜೋರಾಗಿ. ಉಪದೇಶ ಮಾಡಲು ಬಾಯಿ ತೆರೆದಾಗಲೆಲ್ಲ ಊದಿದ ಬೆರಳು ಕಣ್ಣಿಗೆ ಬಿದ್ದು ಸುಮ್ಮನಾಗುತ್ತಿದ್ದರು. ಕಡ್ಡಿಯ ಕಾಲು ಸರಿಯುವುದು ನಿಂತಿತು. ಮೊಣಕೈಯ ಗಾರ್ಡನ್ನೂ ಎದೆಯ ಗಾರ್ಡನ್ನೂ ಅವಳೇ ಬಿಚ್ಚಿ ಮೂಲೆಗೆಸೆದಳು. ಅಂಗಡಿಯಲ್ಲಿ ಅಪ್ಪ ಹೇಳುವ ಕತೆಯಲ್ಲಿ ಮಾತ್ರ ಗಿರಾಕಿಯಿಂದ ಗಿರಾಕಿಗೆ ಮೇಡಂ ಬೌಲಿಂಗಿನ ವೇಗ ಏರುತ್ತಲೇ ಹೋಯಿತು.

ಮೊದಲ ಪಂದ್ಯದಲ್ಲಿ ಒಂದು ಬಾಲು ಗ್ಲೌಸಿಗೆ ರಪ್ಪನೆ ಬಡಿಯಿತು. ಕಡ್ಡಿ ಕೈ ಕೊಡವಿ ಮತ್ತೆ ನಿಂತಳು. ಎರಡು ಬೌಂಡರಿ ಹೊಡೆದಳು. ಆಮೇಲೆ ನಡುವಿನ ಸ್ಟಂಪು ಹಾರಿತು. ಅವಳು ಬ್ಯಾಟನ್ನು ನೆಲಕ್ಕೆ ಕುಕ್ಕಿ ಗೊಳೋ ಎಂದು ಅತ್ತಳು.

ಅಪ್ಪ ನೋವಿನ ಸ್ಪ್ರೇ ಹಿಡಿದು ಮೈದಾನದೊಳಗೇ ಓಡಿದರು. "ಎಲ್ಲಿ ಬಿತ್ತು? ತೋರ್ಸು!"

"ಎಲ್ಲೂ ಬಿದ್ದಿಲ್ಲಪ್ಪಾ! ಔಟಾದೆ! ಹೋಗು, ಎಲ್ರೂ ನೋಡ್ತಿದಾರೆ!"

ಅಂಪೈರ್ ಬೌಂಡರಿಯತ್ತ ಕೈ ತೋರಿಸಿದರು. ಮಗಳಿಗಿಂತ ಮೊದಲು ಅಪ್ಪ ಮೈದಾನ ಬಿಟ್ಟರು.