ಸೀಸಕ್ಕೆ ಹಸಿವಿಲ್ಲ

"ಇನ್ನೊಂದು ಕಿಲೋ ಹಾಕಪ್ಪ," ಅಂದಳು ಮಗಳು, ತೂಕದ ಯಂತ್ರದ ಮೇಲೆ ನಿಂತ ಪುಟ್ಟ ರೇಸ್ ಬಂಡಿಯಲ್ಲಿ ಕೂತುಕೊಂಡೇ. ಅವಳಪ್ಪ ಆ ಟ್ರ್ಯಾಕಿನ ಮೆಕ್ಯಾನಿಕ್, ಸೀಟಿನ ಬುಡಕ್ಕೆ ಮತ್ತೊಂದು ಸೀಸದ ಬಿಲ್ಲೆ ಇಟ್ಟು ಬೋಲ್ಟು ಬಿಗಿದ. ಇದು ಒಂಬತ್ತನೆಯದು.

ಮಕ್ಕಳ ರೇಸಿನ ನಿಯಮವೇ ಹಾಗೆ. ಬಂಡಿ, ಓಡಿಸುವವರು ಎರಡೂ ಸೇರಿ ಇಂತಿಷ್ಟು ತೂಗಲೇಬೇಕು. ಕಡಿಮೆ ಬಿದ್ದರೆ ಸೀಸ ಕಟ್ಟಬೇಕು. ಮೈಭಾರ ಮೇಲಿರುತ್ತದೆ, ಸೀಸವೋ ನೆಲಕ್ಕಂಟಿ ಕೂತು ತಿರುವಿನಲ್ಲಿ ಬಂಡಿಯನ್ನು ಅಲ್ಲಾಡಲು ಬಿಡುವುದಿಲ್ಲ. ಈ ದೇಶದಿಂದ ಹೋಗಿ ಜಗತ್ತನ್ನೇ ಗೆದ್ದ ಚಾಂಪಿಯನ್ ಯಾವುದೋ ಸಂದರ್ಶನದಲ್ಲಿ ಹೇಳಿದ್ದ: ಸೀಸಕ್ಕೆ ಹಸಿವಾಗಲ್ಲ ನೋಡಿ, ಅದಕ್ಕೇ ಚಿಕ್ಕಂದಿನಲ್ಲಿ ನಾನು ಊಟ ಬಿಟ್ಟು ಸೀಸ ಕಟ್ಟಿಸ್ಕೊಳ್ತಿದ್ದೆ ಅಂತ. ಅವತ್ತಿನಿಂದ ಹದಿಮೂರರ ಹುಡುಗಿ ತಟ್ಟೆಯನ್ನು ಬರೀ ಕೆದಕಿ ಏಳುತ್ತಿದ್ದಳು. ನಾನು ಹೆತ್ತಿದ್ದು ಮಗಳನ್ನ, ಸೀಸಾನಲ್ಲ ಅಂತ ಹೆಂಡತಿ ಚುಚ್ಚಿದಾಗ ಮೆಕ್ಯಾನಿಕ್ ಸ್ಟಾಪ್‌ವಾಚ್ ತೋರಿಸಿದ್ದ. ಮಗಳ ತೂಕ ಇಳಿದಷ್ಟೂ ಸುತ್ತಿನ ಸಮಯ ಇಳಿದಿತ್ತು.

ಒಂಬತ್ತನೆಯ ಬಿಲ್ಲೆ ಬಿಗಿದ ದಿನ ಟ್ರ್ಯಾಕಿಗೆ ಆ ಚಾಂಪಿಯನ್ನೇ ಬಂದಿದ್ದ, ತನ್ನ ತರಬೇತಿ ಶಾಲೆಗೆ ಒಬ್ಬರನ್ನು ಆರಿಸಲು. ಒಬ್ಬರನ್ನು ಮಾತ್ರ. ಹುಡುಗಿ ಎಲ್ಲರನ್ನೂ ಹಿಂದೆ ಹಾಕಿದಳು. ಚಾಂಪಿಯನ್ ಎದ್ದು ನಿಂತು ಚಪ್ಪಾಳೆ ತಟ್ಟಿದ. ಆಮೇಲೆ ಅವನ ಜೊತೆಗಿದ್ದ ಡಾಕ್ಟರು ಮಕ್ಕಳಿಗೆಲ್ಲ ಭಾರದ ಹೆಲ್ಮೆಟ್ ಹಾಕಿಸಿ, ಕತ್ತು ಓರೆ ಮಾಡಿ ಎರಡು ನಿಮಿಷ ಹಿಡೀರಿ ಅಂದರು. ದೊಡ್ಡ ಕಾರು ತಿರುಗುವಾಗ ತಲೆಯ ಭಾರವನ್ನೆಲ್ಲ ಕತ್ತೇ ತಡೆಯಬೇಕಂತೆ. ಇಪ್ಪತ್ತು ಎಣಿಸುವಷ್ಟರಲ್ಲಿ ಹುಡುಗಿಯ ತಲೆ ಹೆಗಲ ಮೇಲೆ ಬಿತ್ತು. ರೇಸಿನಲ್ಲಿ ನಾಲ್ಕನೆಯವಳಾಗಿ ಬಂದ, ಎಲ್ಲರೂ ಡುಮ್ಮಿ ಅಂತ ರೇಗಿಸುತ್ತಿದ್ದವಳು ಎರಡು ನಿಮಿಷವೂ ಹಿಡಿದಳು, ಅವಳನ್ನು ಆರಿಸಿದರು.

ಮೆಕ್ಯಾನಿಕ್ ಚಾಂಪಿಯನ್ ಹತ್ತಿರ ಹೋಗಿ, ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಅಂದ: "ಸಾರ್, ಊಟ ಬಿಡಬೇಕು ಅಂತ ನೀವೇ ಹೇಳಿದ್ರಲ್ಲ."

"ಹಾಗಂದಿದ್ನಾ?" ಚಾಂಪಿಯನ್ ನೆನಪಿಸಿಕೊಳ್ಳಲು ನೋಡಿದ. "ತಮಾಷೆಗೆ ಅಂದಿರ್ತೀನಿ. ನಮ್ಮಮ್ಮ ಬಿಟ್ರೆ ತಾನೇ, ಬಾಯಿಗೆ ತುರುಕ್ತಿದ್ರು."

ಹುಡುಗಿಗೆ ಬೇಜಾರಾಗಬಾರದಲ್ಲ, ಅವಳನ್ನು ಒಂದೇ ಕೈಯಲ್ಲಿ ಮೇಲೆತ್ತಿ ಫೋಟೋಗೆ ನಿಂತ. ಏನಮ್ಮ, ಫ್ಯಾನ್ ಹಾಕಿದ್ರೆ ಹಾರಿಹೋಗ್ತೀಯ ಅಂದ. ಸುತ್ತಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹುಡುಗಿಯೂ ಹಲ್ಲು ಬಿಟ್ಟಳು, ಫೋಟೋ ತಾನೇ.

ಟ್ರ್ಯಾಕಿನ ಯಜಮಾನ ಅದನ್ನು ಆಳೆತ್ತರ ಮಾಡಿಸಿ ಗೇಟಿಗೆ ಹಾಕಿಸಿದ. ಮುಂದಿನ ಭಾನುವಾರ ಮೆಕ್ಯಾನಿಕ್ ಒಬ್ಬನೇ ಬಂದು, ಗೇಟಿನ ಪಕ್ಕ ಕೂತು ಟೈರಿಗೆ ಗಾಳಿ ಹೊಡೆಯುತ್ತಿದ್ದ. ತನ್ನ ಮಗಳನ್ನು ಹೊಸದಾಗಿ ರೇಸಿಗೆ ಸೇರಿಸಲು ಬಂದ ಯಾರೋ ಒಬ್ಬ ಫೋಟೋ ಮುಂದೆ ನಿಂತು ತುಂಬ ಹೊತ್ತು ನೋಡಿದ. ಆಮೇಲೆ ಆ ಮಗುವಿನ ಕೈಯಲ್ಲಿದ್ದ ಅರ್ಧ ತಿಂದ ಬನ್ನನ್ನು ಮೆಲ್ಲಗೆ ಈಸಿಕೊಂಡ.

ಮೆಕ್ಯಾನಿಕ್ ಪಂಪು ಒತ್ತುತ್ತಲೇ ಇದ್ದ.