ಕ್ಷಮಿಸಿದಂತೆ

ಮೈಕು ಗೊರಗೊರ ಎನ್ನುತ್ತಿದೆ, ಬಲಗಿವಿಗೆ ಮಾತ್ರ, ಎಡಗಡೆ ಅಮ್ಮ ಕೂತು ಆ ಸತ್ತ ಕಿವಿಗೇ ಏನೋ ಪಿಸುಗುಡುತ್ತಿದ್ದಾಳೆ, ಇಷ್ಟು ವರ್ಷವಾದರೂ ಇವಳಿಗೆ ನೆನಪಿರುವುದಿಲ್ಲ, ನೆನಪಿಟ್ಟುಕೊಳ್ಳುವ ಗೋಜಿಗೇ ಹೋಗಿಲ್ಲ ಎನ್ನಬೇಕು — ತಿರುಗಿ ಬಲಗಿವಿ ಕೊಟ್ಟೆ, ಕರೆದ ತಕ್ಷಣ ಎದ್ದು ಹೋಗು, ಸತಾಯಿಸಬೇಡ, ಕ್ಷಮಿಸಿದೀನಿ ಅಂತ ಒಂದು ಮಾತು ಅಂದ್ಬಿಡು, ನಿನ್ನ ಗಂಟೇನು ಹೋಗುತ್ತೆ. ನನ್ನ ಗಂಟೇನು ಹೋಗುತ್ತೆ! ಹೋಗಬೇಕಾದದ್ದು ಆಗಲೇ ಹೋಯಿತಲ್ಲ ತಾಯಿ, ಈಗ ನಿನ್ನ ಮಗನಿಗೆ ಸರ್ಟಿಫಿಕೇಟು ಬೇಕಾಗಿದೆ. ಅಣ್ಣನಿಗೆ ಇವತ್ತು ಚರ್ಚಿನ ಮಕ್ಕಳ ತರಗತಿಯನ್ನು ಒಪ್ಪಿಸುತ್ತಾರೆ, ಅವನ ಮೇಲೆ ಯಾರಿಗಾದರೂ ಮನಸ್ತಾಪವಿದ್ದರೆ ಮೊದಲು ರಾಜಿಯಾಗಬೇಕು ಎಂದು ಪಾಸ್ಟರ್ ಹೇಳಿದ್ದಾರೆ, ಯಾರಿಗಾದರೂ ಅಂದರೆ ನನಗೆ, ಮುಂದಿನ ಬೆಂಚಿನಲ್ಲಿ ಆ ಮಕ್ಕಳು ಸಾಲಾಗಿ ಕೂತಿವೆ, ಕಾಲು ನೆಲಕ್ಕೆ ಎಟುಕುವುದಿಲ್ಲ, ಒಂದು ಹುಡುಗಿ ಸುಮ್ಮಸುಮ್ಮನೆ ನಗುತ್ತಿದೆ, ನಾನೂ ಹಾಗೇ ನಕ್ಕಿದ್ದೆ, ಅತಿಥಿಗಳ ಎದುರು ಊಟದ ಪ್ರಾರ್ಥನೆ ಹೇಳುತ್ತ ಅಣ್ಣ ತೊದಲಿದಾಗ ಕಿಸಕ್ಕನೆ ನಕ್ಕುಬಿಟ್ಟೆ — ಅವರೆಲ್ಲ ಹೋಗುವವರೆಗೆ ಕಾದ, ಗೇಟಿನವರೆಗೆ ಹೋಗಿ ಬೀಳ್ಕೊಟ್ಟ, ಒಳಗೆ ಬಂದು ಬಾಗಿಲಿಗೆ ಚಿಲಕ ಹಾಕಿದ, ಆಮೇಲೆ ಎಡಗಿವಿಯ ಮೇಲೆ ಹೊಡೆದ. ಡಾಕ್ಟರ ಹತ್ತಿರ ಬಚ್ಚಲಲ್ಲಿ ಜಾರಿಬಿದ್ದೆ ಅನ್ನು ಎಂದಳು ಅಮ್ಮ, ಅಂದೆ.

ಕ್ಷಮೆ ಕೇಳುವುದು ನನಗೆ ಹೊಸದೇನಲ್ಲ, ಅದೇ ನನ್ನ ನೌಕರಿ, ಬಟ್ಟೆ ಒಗೆಯುವ ಮೆಷಿನ್ ಕಂಪನಿಯ ದೂರು ವಿಭಾಗ, ಬಲಗಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಬೆಳಗಿನಿಂದ ಸಂಜೆಯವರೆಗೆ ಕ್ಷಮಿಸಿ ಸರ್, ಕ್ಷಮಿಸಿ ಮೇಡಂ, ನಿಮಗಾದ ತೊಂದರೆಗೆ ವಿಷಾದಿಸುತ್ತೇವೆ — ಆದರೆ ನಮ್ಮ ಆ ದರಿದ್ರ ಕಂಪನಿಯಲ್ಲೂ ಒಂದು ನಿಯಮವಿದೆ, ಸರಿಹೋಯಿತು ಅಂತ ದೂರು ಕೊಟ್ಟವರೇ ಹೇಳಬೇಕು, ಹೊಸದಾಗಿ ಸೇರಿದವನೊಬ್ಬ ತಾನೇ ದೂರು ಮುಗಿಸಿಬಿಟ್ಟಾಗ ದೂರು ಕೊಟ್ಟಿದ್ದ ಹೆಂಗಸು ಒದ್ದೆ ಬಟ್ಟೆಯ ಬಕೆಟ್ ಹೊತ್ತು ಕೌಂಟರಿಗೇ ಬಂದಿದ್ದಳು, ತಗೋಳಪ್ಪ, ನೀನೇ ಹಿಂಡು. ಮೇಲಿನವನ ಆಫೀಸಿನಲ್ಲಿ ಅಷ್ಟೂ ಇಲ್ಲ. ದೇವರು ನನ್ನನ್ನ ಕ್ಷಮಿಸಿಬಿಟ್ಟ ಕಣೆ, ನೀನ್ಯಾಕೆ ಇನ್ನೂ ಹಿಡ್ಕೊಂಡು ಕೂತಿದೀಯ, ಎಂದ ಅಣ್ಣ ಫೋನಿನಲ್ಲಿ. ಕ್ಷಮಿಸಿದನಂತೆ! ನನಗೊಂದು ಫೋನು ಮಾಡದೆ ಕ್ಷಮಿಸಿದನಂತೆ, ಪ್ರತಿವಾರ ಎಲ್ಲರೂ ಒಟ್ಟಿಗೆ ಹೇಳುವ ಪ್ರಾರ್ಥನೆಯಲ್ಲೂ ಇದೇ ಅಂತೆ, ನಾವು ಕ್ಷಮಿಸಿದಂತೆ ನಮ್ಮನ್ನೂ ಕ್ಷಮಿಸು, ಚಿಕ್ಕವಳಿದ್ದಾಗ ಅದನ್ನು ಅಂತೆಕಂತೆಯ ಅಂತೆ ಎಂದೇ ತಿಳಿದಿದ್ದೆ, ಯಾರೋ ಯಾರನ್ನೋ ಕ್ಷಮಿಸಿದರಂತೆ, ಕಂಡವರಾರು, ಈಗ ಅನಿಸುತ್ತದೆ ನಾನು ತಿಳಿದದ್ದೇ ಸರಿ. ಪಾಸ್ಟರ್ ಈಗಷ್ಟೇ ಓದಿದರಲ್ಲ ಆ ರಾಜನ ಕೀರ್ತನೆ, ಇನ್ನೊಬ್ಬನ ಹೆಂಡತಿಯನ್ನು ಕರೆಸಿಕೊಂಡು, ಆ ಬಡಪಾಯಿಯನ್ನು ಯುದ್ಧದಲ್ಲಿ ಮುಂದಕ್ಕೆ ತಳ್ಳಿ ಸಾಯಿಸಿದವನು, ದೇವರ ಮುಂದೆ ಅತ್ತು ಕರೆದು ನಿನಗೊಬ್ಬನಿಗೇ ಪಾಪ ಮಾಡಿದೆ ಎನ್ನುತ್ತಾನೆ, ಒಬ್ಬನಿಗೇ! ಸತ್ತವನು ಲೆಕ್ಕಕ್ಕಿಲ್ಲ, ಆ ಹೆಂಗಸನ್ನು ಕೇಳುವವರಿಲ್ಲ, ಸಭೆಗೆ ಸಭೆಯೇ ಆಮೆನ್. ಶಿಲುಬೆಯ ಮೇಲಿದ್ದವನಾದರೂ ನಾನು ಕ್ಷಮಿಸಿದೆ ಅಂದನೇ, ತಂದೆಯೇ ನೀನು ಕ್ಷಮಿಸು ಅಂದ, ಏನು ಮಾಡುತ್ತಿದ್ದೇವೆಂದು ಅವರಿಗೆ ತಿಳಿಯದು ಅಂದ, ಚಿಲಕ ಹಾಕಿ ಬರುವವನಿಗೆ ತಿಳಿಯುವುದಿಲ್ಲವೇ? ನಿನ್ನ ಸಹೋದರ ತಪ್ಪು ಮಾಡಿದರೆ ಗದರಿಸು, ಪಶ್ಚಾತ್ತಾಪಪಟ್ಟರೆ ಕ್ಷಮಿಸು ಅಂತ ಅದೇ ಪುಸ್ತಕದಲ್ಲಿದೆ, ಗದರಿಸು ಎನ್ನುವುದನ್ನು ಇಲ್ಲಿ ಯಾರೂ ಓದಿದ್ದು ನಾನು ಕಾಣೆ, ಕೇಳಿದ್ದಕ್ಕೆ ಪಾಸ್ಟರ್ ನಕ್ಕರು, ಪ್ರೀತಿ ತರ್ಕ ಮಾಡಲ್ಲಮ್ಮ. ಮಾಡದಿರಲಿ, ನನಗೆ ಕಿವಿ ಕೇಳಬೇಕಲ್ಲ.

ಅಣ್ಣ ಮುಂದೆ ನಿಂತು, ದೇವರು ತನ್ನನ್ನು ಬದಲಿಸಿದ್ದಕ್ಕೆ ಸಾಕ್ಷಿ ಹೇಳುತ್ತಿದ್ದಾನೆ, ನನ್ನ ಹಾಳು ಕೋಪದಿಂದ ತಂಗಿಗೆ ನೋವಾಯ್ತು — ಆಯ್ತಂತೆ, ಹಾಲು ಉಕ್ಕಿದ ಹಾಗೆ ತಾನಾಗಿ — ಅಳುತ್ತಿದ್ದಾನೆ, ಅದು ನಾಟಕವೂ ಅಲ್ಲ, ಅದೇ ನನ್ನ ಕಷ್ಟ, ಸೈಕಲ್ ಕಲಿಸುವಾಗ ಸೀಟು ಬಿಡದೆ ಹಿಂದೆ ಓಡಿ ಬರುತ್ತಿದ್ದವನು ಇವನೇ, ಆದರೂ ನಾನು ಸೋಲುವುದಿಲ್ಲ. ಮಕ್ಕಳನ್ನ ತಿದ್ದೋದ್ರಲ್ಲಿ ನಮ್ಮ ಈ ಸಹೋದರ ಎತ್ತಿದ ಕೈ, ಎಂದರು ಪಾಸ್ಟರ್, ಎತ್ತಿದ ಕೈ! ಅದು ನನಗಲ್ಲದೆ ಇನ್ನಾರಿಗೆ ಗೊತ್ತು, ಟ್ಯೂಬ್‌ಲೈಟಿಗೆ ಅಡ್ಡವಾಗಿ ಮೇಲೆದ್ದ ಕೈ, ಬೆರಳ ಸಂದಿಯಲ್ಲಿ ಬೆಳಕು — ಏಳೇ, ಕರೀತಿದಾರೆ, ಅಮ್ಮ ತಿವಿದಳು, ಎದ್ದೆ, ಬೆಂಚು ಕಿರ್ ಎಂದಿತು, ನಡೆದೆ, ಮೈಕು ಬೆವರಿನಿಂದ ಒದ್ದೆ, ಅಣ್ಣ ತಬ್ಬಿಕೊಳ್ಳಲಿಲ್ಲ, ದೊಡ್ಡವನಲ್ಲವೇ, ಆಶೀರ್ವದಿಸಲೆಂದು ನನ್ನ ತಲೆಯ ಮೇಲಕ್ಕೆ ಕೈ ಎತ್ತಿದ, ನನ್ನ ಕತ್ತು ತನ್ನಷ್ಟಕ್ಕೆ ಬಲಕ್ಕೆ ಸರಿಯಿತು, ಸಭೆಯೆಲ್ಲ ನೋಡಿತು, ನೋಡಲಿ, ಹೇಳಿದೆ, ಅಣ್ಣ, ನೋವಾಯ್ತು ಅನ್ಬೇಡ, ಚಿಲಕ ಹಾಕಿದ್ದರಿಂದ ಶುರು ಮಾಡು, ಏನು ಮಾಡಿದೆ ಅಂತ ಈ ಮಕ್ಕಳಿಗೆ ಹೇಳು, ಹೇಳಿದ ಮೇಲೆ ನನ್ನನ್ನ ಕ್ಷಮೆ ಕೇಳು, ಕೊಡ್ತೀನೋ ಬಿಡ್ತೀನೋ ಆಗ ನೋಡೋಣ — ಮೈಕನ್ನು ಅವನ ಬಾಯಿಗೆ ಹಿಡಿದೆ, ಪಾಸ್ಟರ್ ಕೆಮ್ಮಿದರು, ಅಮ್ಮ ಹಿಂದಿನಿಂದ ಏನೋ ಅಂದಳು, ಆ ಹುಡುಗಿ ನಗು ನಿಲ್ಲಿಸಿ ಅವನನ್ನೇ ನೋಡುತ್ತಿದೆ, ಅಣ್ಣನ ತುಟಿ ನಾನು ಎನ್ನುವಷ್ಟಕ್ಕೆ ತೆರೆದು ಅಲ್ಲೇ ನಿಂತಿದೆ, ನಾನು ಮೈಕು ಇಳಿಸುವುದಿಲ್ಲ, ಅವನೂ ಇಳಿಸಿಲ್ಲ, ಮರೆತಿದ್ದಾನೆ, ಅಲ್ಲೇ ಇದೆ, ನನ್ನ ತಲೆಯ ಮೇಲೆ, ಬೆರಳ ಸಂದಿಯಲ್ಲಿ ಬೆಳಕು, ಆ ಕೈ, ಎತ್ತಿದ ಕೈ