ಬಚ್ಚಲೊಲೆಯ ಬಾಯಿ

ಮಾರಕ್ಕನಿಗೆ ಸೌದೆ ಇರಲಿಲ್ಲ. ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲು ಸಿಗದೆ ಆವತಿ ರಸ್ತೆಯ ಬಸ್ಸು ಇದ್ದಲಿನ ಗ್ಯಾಸಿನಲ್ಲಿ ಓಡತೊಡಗಿತ್ತು. ಗೋಮಾಳದ ಜಾಲಿಯನ್ನೆಲ್ಲ ಪಟೇಲ ಅಪ್ಪಯ್ಯಣ್ಣ ಕಡಿಸಿ, ಸುಡಿಸಿ, ಮೂಟೆ ಕಟ್ಟಿಸಿ ಆ ಬಸ್ಸಿಗೆ ಹಾಕಿಬಿಟ್ಟಿದ್ದ. ಕೇರಿಯ ಹೆಂಗಸರಿಗೆ ಉಳಿದದ್ದು ತೊಗರಿ ಕಡ್ಡಿ. ಅದು ದಿನಕ್ಕೊಂದು ಸಲ ಮುದ್ದೆ ತೊಳಸಲು ಸಾಕಾದರೆ ಪುಣ್ಯ.

ನೀರಿಗೇನೂ ಬರವಿರಲಿಲ್ಲ. ಶ್ರಾವಣದ ಮಳೆಗೆ ಊರ ಕೆಳಗಿನ ಕುಂಟೆ ತುಂಬಿತ್ತು. ಬೆಳಿಗ್ಗೆ ಮಾರಕ್ಕ ಮಡಕೆ ಅದ್ದಲು ಬಗ್ಗಿದಾಗ ಅಪ್ಪಯ್ಯಣ್ಣ ಪೊದೆಯ ಕಡೆಯಿಂದ ಪಂಚೆ ಎತ್ತಿ ಹಿಡಿದುಕೊಂಡೇ ಬಂದ.

“ಲೇ, ಅತ್ಲಾಗ್ ನಿಂತ್ಕಳೆ. ಕುಂಡಿ ತೊಳ್ಕಂಡ್ ಹೋಗ್ತೀನಿ, ಆಮ್ಯಾಕ್ ತುಂಬ್ಕೊ.”

ಮಾರಕ್ಕ ಹಿಂದೆ ಸರಿದು ಬೆನ್ನು ತಿರುಗಿಸಿ ನಿಂತಳು.

“ಆ ತುದೀಲಿ ತೊಳ್ಕಬಾರ್ದಾ ಬುದ್ಧಿ? ಇದು ಕುಡಿಯೋ ನೀರು.”

“ನನ್ ಕುಂಡಿಗೆ ಜಾಗ ತೋರ್ಸೋ ಅಷ್ಟು ದೊಡ್ಡೋಳಾಗ್ಬುಟ್ಯಾ? ನಿಮ್ ಕೇರಿ ನಾಲ್ಗೆಗೆ ಇದೇ ತೀರ್ಥ ಕಣೆ. ತುಂಬ್ಕಂಡ್ ಹೋಗು.”

ಅವನು ಹೋದ ಮೇಲೆ ಅವಳು ಅಂಗೈಯಿಂದ ನೀರನ್ನು ಆಚೆಗೆ ತಳ್ಳಿ ಅಲ್ಲಿಯೇ ತುಂಬಿಕೊಂಡಳು. ಕೇರಿಯವರು ಇಳಿಯಲು ಬೇರೆ ಜಾಗವಿರಲಿಲ್ಲ.

ಗುಡಿಸಲಲ್ಲಿ ಮೂರು ವರ್ಷದ ಮಗಳು ಗಂಗಿ ಚಾಪೆಯ ಮೇಲೆ ಮುದುಡಿಕೊಂಡಿದ್ದಳು. ಎಂಟು ದಿನದಿಂದ ಲೋಳೆ, ಲೋಳೆಯ ಜೊತೆ ನೆತ್ತರು. ಮಾರಕ್ಕನಿಗೆ ಇದ್ದದ್ದು ಇದೊಂದೇ. ಗಂಡ ಜವರಪ್ಪ ಬೆಂಗಳೂರಿನ ಮಿಲಿಟರಿ ಕ್ಯಾಂಪಿಗೆ ಮಣ್ಣು ಹೊರಲು ಹೋದವನು ಯುಗಾದಿಗೂ ತಿರುಗಿ ಬಂದಿರಲಿಲ್ಲ.

ಪಕ್ಕದ ಗುಡಿಸಲ ಮುಂದೆ ದ್ಯಾವಮ್ಮನ ಮೂರು ಮಕ್ಕಳು ಕಿರುಚಿಕೊಂಡು ಆಡುತ್ತಿದ್ದವು. ಅದೇ ಕುಂಟೆ, ಅದೇ ರಾಗಿ. ಆದರೂ ಕೇರಿಯಲ್ಲಿ ಹೊಟ್ಟೆ ಕೆಡದ ಮನೆ ಅದೊಂದೇ. ಆ ಮಕ್ಕಳ ನಗು ಕೇಳಿದಾಗೆಲ್ಲ ಮಾರಕ್ಕನ ಗಂಟಲಿಗೆ ಮೆಣಸಿನಕಾಯಿ ಘಾಟು ಹತ್ತಿದಂತಾಗುತ್ತಿತ್ತು. ಗಂಗಿಯ ತೊಡೆಯನ್ನು ಹೆಬ್ಬೆರಳು, ನಡುಬೆರಳಲ್ಲಿ ಬಳಸಿ ನೋಡಿದಳು. ಬೆರಳುಗಳು ಕೂಡಿಕೊಂಡವು. ದ್ಯಾವಮ್ಮನ ಕಿರಿಯದರ ತೊಡೆಗೆ ಎರಡು ಕೈ ಬೇಕು.

“ಏನ್ ತಿನ್ನುಸ್ತೀಯೆ ದ್ಯಾವಿ, ಒಂದೊಂದೂ ಹಂದಿಮರಿ ಇದ್ದಂಗವೆ?”

“ಕಣ್ ಹಾಕ್ಬ್ಯಾಡ ಕಣಕ್ಕ. ನಾ ಏನ್ ಮಾಡಿವ್ನಿ ನಿಂಗೆ?”

“ಪಟೇಲನ ಹಿತ್ಲಾಗೆ ದಿನಾ ಸಂಜೆ ಏನ್ ಮಾಡ್ತೀಯೋ ಊರಿಗೇ ಗೊತ್ತು ಬಿಡು.”

“ಬಚ್ಚಲೊಲೆಗೆ ಬೆಂಕಿ ಇಕ್ತೀನಿ. ನಿನ್ ಬಾಯಿಗೂ ಒಂದ್ ಕೊಳ್ಳಿ ಇಕ್ಲಾ, ಸೂಳೆಮುಂಡೆ?”

ಆ ವಾರ ಖಾಕಿ ಟೋಪಿಯ ಹೆಲ್ತ್ ಇನ್‌ಸ್ಪೆಕ್ಟರು ಸೈಕಲ್ಲಿನಲ್ಲಿ ಬಂದು ಮೇಲಿನ ಬೀದಿಯ ಬಾವಿಗೆ ನೇರಳೆ ಪುಡಿ ಕಲಸಿ ಸುರಿದ. ಮಾರಕ್ಕ ದೂರದಿಂದಲೇ ಕೂಗಿದಳು.

“ಸ್ವಾಮಿ, ನಮ್ ಕುಂಟೆಗೂ ಒಂದ್ ಚಿಟ್ಕೆ ಹಾಕಿ. ಕೂಸಿಗೆ ನೆತ್ರು ಹೋಯ್ತೈತೆ.”

“ಕುಂಟೆ ನನ್ನ ಪಟ್ಟೀಲಿಲ್ಲ.” ಅವನು ಡಬ್ಬಿಯ ಮುಚ್ಚಳ ಬಿಗಿದ. “ಹಾಕಿದ್ರೂ ಆ ಹುಳ ಜಗ್ಗಲ್ಲ. ಕಣ್ಣಿಗೆ ಕಾಣದ ಹುಳ ಅದು. ಒಬ್ಬನ ಹೇಲಿಂದ ನೀರಿಗೆ ಸೇರುತ್ತೆ, ನೀರಿಂದ ಇನ್ನೊಬ್ಬನ ಕರುಳಿಗೆ. ಕೊತಕೊತ ಕುದಿಸಿ, ಆರಿಸಿ ಕುಡಿಸು. ಕೈ ಬೂದೀಲಿ ತೊಳ್ಕೊ. ಹೋದ ವರ್ಷಾನೂ ಹೇಳಿದ್ದೆ, ಯಾರು ಕೇಳ್ತೀರಿ.”

“ಯಾರ್ ಹೇಲು ಸ್ವಾಮಿ?”

ಕಟ್ಟೆಯ ಮೇಲೆ ಕುಳಿತಿದ್ದ ಅಪ್ಪಯ್ಯಣ್ಣ ನಕ್ಕ. “ನಿಮ್ದೇ, ಇನ್ಯಾರ್ದು.”

“ಕುದ್ಸಾಕೆ ಸೌದೆ?”

ಇನ್‌ಸ್ಪೆಕ್ಟರು ಸೈಕಲ್ಲು ಹತ್ತಿದ.

ಮಾರಕ್ಕ ಗುಡಿಸಲ ತಡಿಕೆಯ ಕಡ್ಡಿಗಳನ್ನೇ ಕಿತ್ತು ಉರಿ ಹಾಕಿದಳು. ನೀರು ಬೆಚ್ಚಗಾಯಿತು, ಕುದಿಯಲಿಲ್ಲ. ತಡಿಕೆಯಲ್ಲಿ ನಾಯಿ ನುಗ್ಗುವಷ್ಟು ಕಂಡಿಯಾಯಿತು. ಆ ಕಂಡಿಯೊಳಗಿಂದಲೇ, ದ್ಯಾವಮ್ಮ ಮುತ್ತುಗದೆಲೆ ಮುಚ್ಚಿದ ಮಡಕೆ ಹೊತ್ತು ಬರುವುದು ಕಾಣಿಸಿತು. ಎಲೆಯ ಅಂಚಿನಲ್ಲಿ ಹಬೆ ಏಳುತ್ತಿತ್ತು.

ಮರುದಿನ ಸಂಜೆ ಮಾರಕ್ಕ ಅವಳ ಹಿಂದೆ ಹೋಗಿ ಪಟೇಲನ ಹಿತ್ತಿಲ ಬೇಲಿಯ ಮರೆಯಲ್ಲಿ ಕುಳಿತಳು. ಬಚ್ಚಲಮನೆಯ ಹಂಡೆ ಗೋಡೆಯಲ್ಲಿ ಹೂತದ್ದು. ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ. ಕೇರಿಯವಳು ಮನೆ ಹೊಗದೆ ಉರಿ ಹಾಕಬೇಕು, ಒಳಗಿನವರು ಮಡಿ ಕೆಡದೆ ಮೀಯಬೇಕು, ಅದಕ್ಕಾಗಿಯೇ ಹಾಗೆ ಕಟ್ಟಿಸಿದ್ದು. ದ್ಯಾವಮ್ಮ ಹುಣಸೆ ಕೊರಡು ತಳ್ಳಿ, ಆಚೀಚೆ ನೋಡಿ, ಕುಂಟೆಯ ನೀರು ತುಂಬಿದ ತನ್ನ ಮಡಕೆಯನ್ನು ಕೆಂಡದೊಳಕ್ಕೆ ಸರಿಸಿದಳು.

ನನ್ನದನ್ನೂ ಇಡೆ ಎಂದು ಕೇಳಬಹುದಿತ್ತು. ಮಾರಕ್ಕನ ಕಣ್ಣ ಮುಂದೆ ಬಂದದ್ದು ದ್ಯಾವಮ್ಮನ ಕಿರಿಯದರ ಆ ದಪ್ಪ ತೊಡೆಯೊಂದೇ. ಸುತ್ತು ಹಾಕಿ ಜಗಲಿಯ ಮುಂದೆ ನಿಂತು ಪಟೇಲನ ಹೆಂಡತಿ ಲಕ್ಷ್ಮೀದೇವಮ್ಮನನ್ನು ಕೂಗಿದಳು.

“ಅವ್ವಾರೆ, ನೀವ್ ಮೀಯೋ ಉರೀಲಿ ದ್ಯಾವಿ ಮಡಕೆ ಬೇಯ್ತೈತೆ.”

“ಹೊಲ್ಗೇರಿ ಮಡಕೆ ಸುಟ್ಟ ಉರೀಲಿ ಮಿಂದು ನಾನು ದೇವ್ರ ಮುಂದೆ ದೀಪ ಹಚ್ತಿದ್ನಾ?” ಲಕ್ಷ್ಮೀದೇವಮ್ಮ ಗಂಡನನ್ನು ಕರೆದಳು. ಅಪ್ಪಯ್ಯಣ್ಣ ಕುದಿಯುವ ಮಡಕೆಯನ್ನು ಕೋಲಿನಿಂದ ಎಳೆದು ದ್ಯಾವಮ್ಮನ ಕಾಲ ಮೇಲೆ ಒಡೆದ. ಒಲೆಗೆ ಗಂಜಳ ಹಾಕಿಸಿದ ಮೇಲೆ ಮಾರಕ್ಕನಿಗೆ ಹೇಳಿದ, “ನಾಳಿಂದ ನೀ ಬಾ. ಮಡಕೆ ಗಿಡಕೆ ತಂದೀಯ, ಕೈ ಮುರೀತೀನಿ.”

ದ್ಯಾವಮ್ಮ ಬೊಬ್ಬೆಯೆದ್ದ ಕಾಲು ಎಳೆಯುತ್ತ ಅವಳ ಮುಂದೆ ನಿಂತಳು.

“ಕೇಳಿದ್ರೂ ಕೊಡ್ತಿರ್ನಿಲ್ಲ ಕಣೆ. ಒಲೆ ಬಾಯಿ ಹಿಡಿಯೋದು ಒಂದೇ ಮಡಕೆ. ಅದುಕ್ಕೇ ಹೋದ್ ವರ್ಸ ಇನ್ಸ್ಪೆಟ್ರು ಹೇಳಿದ್ನ ಯಾರ್ಗೂ ಬಾಯ್ ಬಿಡ್ಲಿಲ್ಲ.”

ಐದು ಸಂಜೆ ಮಾರಕ್ಕ ಉರಿ ಹಾಕಿದಳು. ಐದೂ ಸಂಜೆ ಲಕ್ಷ್ಮೀದೇವಮ್ಮ ಒಗೆಯುವ ಕಲ್ಲಿನ ಮೇಲೆ ಕುಳಿತು ಕಾವಲು ಕಾದಳು. ಹಂಡೆ ಮೊರೆಯುತ್ತಿತ್ತು, ಪಟೇಲ ಮೀಯುತ್ತಿದ್ದ, ಗಂಗಿ ಕತ್ತು ಎತ್ತುವುದನ್ನು ಬಿಟ್ಟಿದ್ದಳು.

ಆರನೆಯ ಸಂಜೆ ಬೇಲಿಯಾಚೆ ದ್ಯಾವಮ್ಮ ನಿಂತಿದ್ದಳು. ಕಂಕುಳಲ್ಲಿ ಮಡಕೆ.

“ಕಿರೀದಕ್ಕೂ ಶುರುವಾಯ್ತು ಕಣಕ್ಕ. ನೆತ್ರು.”

ಮಾರಕ್ಕನಿಗೆ ಮೊದಲು ಆದದ್ದು ಸಮಾಧಾನ. ಎದೆಯ ಉರಿ ತುಸು ತಣ್ಣಗಾಯಿತು. ದ್ಯಾವಮ್ಮ ಹೋಗಲಿಲ್ಲ, ಏನೂ ಕೇಳಲೂ ಇಲ್ಲ. ಕಂಕುಳ ಮಡಕೆಯನ್ನು ಕೈಗಿಳಿಸಿ ಹಿಡಿದಳು.

“ತತ್ತಾ ಇತ್ಲಾಗೆ,” ಎಂದಳು ಮಾರಕ್ಕ. “ಗಂಗಿಗೂ ಅರ್ಧ.”

ಕೊರಡನ್ನು ಹೊರಕ್ಕೆಳೆದು ಮಡಕೆ ಒಳಗಿಟ್ಟಳು. ಲಕ್ಷ್ಮೀದೇವಮ್ಮ ಕಲ್ಲಿನಿಂದ ಎದ್ದಳು.

“ತೆಗಿಯೇ ಅದ್ನ.”

“ಕುದಿಲಿ ಅವ್ವಾರೆ.”

ಅಪ್ಪಯ್ಯಣ್ಣ ಒದ್ದೆ ಪಂಚೆಯಲ್ಲೇ ಹೊರಗೆ ಬಂದ. ಮಾರಕ್ಕ ಒಲೆಯ ಬಾಯಿಗೆ ಬೆನ್ನು ಕೊಟ್ಟು ಕುಳಿತು, ಉರಿಯುವ ಕೊರಡನ್ನು ಅವನ ಮೊಳಕಾಲಿಗೆ ನೇರ ಹಿಡಿದಳು. ಸೀರೆಯ ಸೆರಗು ಸೀದು ಕಮರು ನಾರತೊಡಗಿತು.

“ಬಿಡೆ ಬೋಸುಡಿ. ನಾಳಿಂದ ಅನ್ನ ಹುಟ್ಟಲ್ಲ ನಿಂಗೆ.”

“ಕುದ್ ಮ್ಯಾಲೆ ಬಿಡ್ತೀನಿ. ಅಲ್ಲೇ ನಿಂತ್ಕೊ ನಿನ್ ಕುಂಡಿ ಆರಿಸ್ಕಂಡು.”

ಮಡಕೆ ಕುದಿಯುವವರೆಗೆ ಅವಳು ಏಳಲಿಲ್ಲ. ಆಮೇಲೆ ಇಬ್ಬರು ಆಳುಗಳು ಬಂದರು; ಅಷ್ಟರಲ್ಲಿ ದ್ಯಾವಮ್ಮ ಮಡಕೆ ಹೊತ್ತು ಬೇಲಿ ದಾಟಿದ್ದಳು.

ಮರುದಿನ ಒಲೆಯ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿ, ಒಳಗಡೆಯಿಂದ ಬೇರೆ ಬಾಯಿ ತೆಗೆಸಿದರು. ಆಳುಗಳ ಹೊಡೆತಕ್ಕೆ ಸಿಕ್ಕ ಮಾರಕ್ಕನ ಬಲಗೈಯ ಎರಡು ಬೆರಳು ಮತ್ತೆ ಮಡಚಲಿಲ್ಲ. ಕುದಿಸಿದ ನೀರು ಒಂದು ಮಡಕೆ, ಎರಡು ಮನೆಗೆ ಒಂದೂವರೆ ದಿನ ಬಂತು.

ಮಹಾನವಮಿಯ ಹೊತ್ತಿಗೆ ದ್ಯಾವಮ್ಮನಿಗೆ ಮೂರರಲ್ಲಿ ಎರಡು ಹೋದವು. ಮಾರಕ್ಕನಿಗೆ ಒಂದರಲ್ಲಿ ಒಂದು.